ಮೊದಲ ವರ್ಷದ ಬರವಣಿಗೆ: ನಮ್ಮ ನಿರೀಕ್ಷೆ, ನಮ್ಮ ನಿಯಮ

ಪ್ರತಿ ವರ್ಷ ಮುಂಗಾರಿನ ದಿನಗಳಲ್ಲಿ, ಗುಂಡ್ಲುಪೇಟೆಯ ಸುತ್ತಣ ಹೊಲಗಳಲ್ಲಿ ಸೂರ್ಯಕಾಂತಿಯೂ ಚೆಂಡುಹೂವೂ ಅರಳಿ ನಿಂತಿರುವ ಹೊತ್ತಿಗೆ, ನಮ್ಮ ಕಡೆಯ ಕಾಲೇಜುಗಳ ಮೊದಲನೆಯ ವರ್ಷದ ಪದವಿ ತರಗತಿಗೆ ಹೊಸ ವಿದ್ಯಾರ್ಥಿಗಳು ಬಂದು ಸೇರುತ್ತಾರೆ. ತೆರಕಣಾಂಬಿ, ಬೇಗೂರು, ಹಂಗಳ, ಹರದನಹಳ್ಳಿ, ಚಂದಕವಾಡಿ, ಸಂತೇಮರಹಳ್ಳಿ ಮೊದಲಾದ ಊರುಗಳಿಂದ ಬೆಳಗಿನ ಬಸ್ಸು ಹಿಡಿದು ಬರುವ ಇವರ ಚೀಲದಲ್ಲಿ, ಭೌತಶಾಸ್ತ್ರದ ಪ್ರಯೋಗಗಳಿಗಾಗಿ ಕೊಂಡ ಹೊಸದೊಂದು ರೆಕಾರ್ಡು ಪುಸ್ತಕವಿರುತ್ತದೆ. ಒಂದೆರಡು ವಾರ ಕಳೆಯುವಷ್ಟರಲ್ಲಿ ಅದರ ಜೊತೆಗೆ ಮತ್ತೊಂದು ಪುಸ್ತಕವೂ ಸೇರಿಕೊಳ್ಳುತ್ತದೆ. ಅದು ಹಳೆಯದು, ಹಿಂದಿನ ವರ್ಷದ ವಿದ್ಯಾರ್ಥಿಯೊಬ್ಬನದು, ಪುಟಪುಟದಲ್ಲಿಯೂ ಅಧ್ಯಾಪಕರ ಕೆಂಪು ಶಾಯಿಯ ಸಹಿ ಇರುವಂಥದು. ಹೊಸ ಪುಸ್ತಕವು ತುಂಬುವುದು ಬಹುಮಟ್ಟಿಗೆ ಈ ಹಳೆಯ ಪುಸ್ತಕದಿಂದಲೇ ಹೊರತು ಪ್ರಯೋಗಶಾಲೆಯ ಮೇಜಿನಿಂದಲ್ಲ.

ವಿದ್ಯಾರ್ಥಿಗಳನ್ನು ಹಳಿಯಬೇಕೆಂದು ನಾವು ಈ ಮಾತನ್ನು ಎತ್ತಿಲ್ಲ. ತಪ್ಪಿನಲ್ಲಿ ಹೆಚ್ಚಿನ ಪಾಲು ನಮ್ಮದು, ಎಂದರೆ ಅಧ್ಯಾಪಕರದು. ವಿಜ್ಞಾನದ ಪದವಿಯ ಮೊದಲ ವರ್ಷವು, ವೇಳಾಪಟ್ಟಿಯಲ್ಲಿ ಹಾಗೆಂದು ನಮೂದಾಗಿರಲಿ ಇಲ್ಲದಿರಲಿ, ವಾಸ್ತವವಾಗಿ ಒಂದು ಬರವಣಿಗೆಯ ತರಗತಿಯೂ ಆಗಿರುತ್ತದೆ. ಕಂಡದ್ದನ್ನು ಕಂಡಂತೆ, ಅಳೆದದ್ದನ್ನು ಅಳೆದಂತೆ, ಮತ್ತೊಬ್ಬನು ಓದಿ ಪರೀಕ್ಷಿಸಬಲ್ಲಂತೆ ಬರೆಯುವುದನ್ನು ಕಲಿಯಬೇಕಾದುದು ಅಲ್ಲಿಯೇ. ಆದರೆ ಆ ಬರವಣಿಗೆಯಿಂದ ನಾವು ಏನನ್ನು ನಿರೀಕ್ಷಿಸುತ್ತೇವೆ, ಯಾವುದು ಒಪ್ಪತಕ್ಕದ್ದು, ಯಾವುದು ಒಪ್ಪತಕ್ಕದ್ದಲ್ಲ ಎಂಬುದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳುವ ಅಧ್ಯಾಪಕರು ವಿರಳ. ಅಮೆರಿಕದ ಹಾರ್ವರ್ಡ್ ವಿದ್ಯಾಲಯವು 1885ರ ಹೊತ್ತಿಗೆ ಮೊದಲ ವರ್ಷದ ವಿದ್ಯಾರ್ಥಿಗಳಿಗೆಲ್ಲ ಬರವಣಿಗೆಯ ತರಗತಿಯನ್ನು ಕಡ್ಡಾಯ ಮಾಡಿತು. ಇಂದು ಆ ದೇಶದ ಕಾಲೇಜುಗಳಲ್ಲಿ ಅಂಥ ತರಗತಿಯ ಮೊದಲ ದಿನ ಅಧ್ಯಾಪಕನು ತನ್ನ ನಿರೀಕ್ಷೆಗಳನ್ನೂ ನಿಯಮಗಳನ್ನೂ ಬರೆದು ಹಂಚುವುದು ವಾಡಿಕೆ. ಆ ಪದ್ಧತಿಯೆಲ್ಲವನ್ನೂ ನಾವು ತಂದುಕೊಳ್ಳಬೇಕಾಗಿಲ್ಲ. ಆದರೆ ಆ ಒಂದು ಹಾಳೆಯನ್ನು ತಂದುಕೊಳ್ಳಬಹುದು. ಏತಕ್ಕೆಂಬುದನ್ನು ತಿಳಿಸಲು ನಮ್ಮ ಸ್ವಂತ ತಪ್ಪೊಂದನ್ನು ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ, ಇಲ್ಲಿ ಹೆಸರಿಸಬೇಕಾದ ಅವಶ್ಯಕತೆಯಿಲ್ಲದ ಕಾಲೇಜೊಂದರಲ್ಲಿ, ನಾವು ಮೊದಲ ವರ್ಷದವರಿಗೆ ಸರಳ ಲೋಲಕದ ಪ್ರಯೋಗವನ್ನು ಮಾಡಿಸುತ್ತಿದ್ದೆವು. ದಾರದ ತುದಿಗೆ ಲೋಹದ ಗುಂಡೊಂದನ್ನು ಕಟ್ಟಿ ತೂಗಿಸಿ, ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆದು, ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕಹಾಕುವ ಪ್ರಯೋಗವದು. ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯೊಂದರಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ತನ್ನ ಪುಸ್ತಕದಲ್ಲಿ ಹೀಗೆ ಬರೆದಿದ್ದನು: ದಾರದ ಉದ್ದ 100 ಸೆಂಟಿಮೀಟರು, ಇಪ್ಪತ್ತು ಆಂದೋಲನಗಳಿಗೆ 40.4 ಸೆಕೆಂಡು, ಫಲಿತಾಂಶ, ಸೆಕೆಂಡಿಗೆ ಸೆಕೆಂಡಿಗೆ 9.68 ಮೀಟರು. ಆ ಸಂಖ್ಯೆಯ ಕೆಳಗೆ ನಾವು ಕೆಂಪು ಶಾಯಿಯಿಂದ ಗೆರೆ ಎಳೆದು, 'ತಪ್ಪು, ಮತ್ತೆ ಮಾಡು' ಎಂದು ಬರೆದೆವು. ಮುಂದಿನ ವಾರ ಅವನು ಹೊಸ ಪುಟದೊಡನೆ ಬಂದನು. ಐದು ಬೇರೆ ಬೇರೆ ಉದ್ದಗಳಿಗೆ ಐದು ಎಣಿಕೆಗಳು, ಐದರಲ್ಲಿಯೂ 9.81. ನಾವು ಸಂತೋಷದಿಂದ ಪೂರ್ಣ ಅಂಕಗಳನ್ನು ಕೊಟ್ಟು ಸಹಿ ಮಾಡಿದೆವು.

ಸತ್ರದ ಕೊನೆಯಲ್ಲಿ ಪುಸ್ತಕಗಳನ್ನು ಮತ್ತೊಮ್ಮೆ ತಿರುವಿ ಹಾಕುತ್ತಿದ್ದಾಗ ನಮ್ಮ ಕಣ್ಣಿಗೆ ಬಿದ್ದುದೇನೆಂದರೆ, ಆ ಎರಡನೆಯ ಪುಟದಲ್ಲಿ ಕಾಲವು 40.12 ಸೆಕೆಂಡು ಎಂದು ಬರೆದಿದ್ದಿತು. ನಮ್ಮ ಪ್ರಯೋಗಶಾಲೆಯ ಗಡಿಯಾರವು ಸೆಕೆಂಡಿನ ಹತ್ತನೆಯ ಒಂದು ಪಾಲನ್ನು ಮಾತ್ರ ತೋರಿಸುತ್ತಿದ್ದಿತು. ನೂರನೆಯ ಪಾಲನ್ನು ತೋರಿಸುವ ಶಕ್ತಿ ಅದಕ್ಕಿರಲಿಲ್ಲ. ವಾಚಕರು ಬೇಕಾದರೆ ತಾವೇ ಲೆಕ್ಕ ಹಾಕಿ ನೋಡಬಹುದು. ನೂರು ಸೆಂಟಿಮೀಟರಿನ ಲೋಲಕಕ್ಕೆ ಇಪ್ಪತ್ತು ಆಂದೋಲನಗಳ ಕಾಲ 40.1 ಸೆಕೆಂಡು ಬಂದರೆ ಉತ್ತರ 9.82; 40.2 ಸೆಕೆಂಡು ಬಂದರೆ 9.77. ಇವೆರಡರ ನಡುವೆ 9.81 ಎಂಬ ಉತ್ತರವು ಆ ಗಡಿಯಾರದಿಂದ ಬರುವ ದಾರಿಯೇ ಇಲ್ಲ. ಹುಡುಗನು ಉತ್ತರದಿಂದ ಹಿಂದಕ್ಕೆ ನಡೆದು ಕಾಲವನ್ನು ಲೆಕ್ಕಹಾಕಿ ಬರೆದಿದ್ದನು. ಹಾಗೆ ಬರೆಯಲು ನಾವೇ ಅವನನ್ನು ಕಲಿಸಿದ್ದೆವು.

ಇನ್ನೂ ನಾಚಿಕೆಪಡಿಸಿದ ಸಂಗತಿಯೊಂದಿದೆ. ಮೊದಲನೆಯ ಪುಟವನ್ನು ಈಗ ನಿಧಾನವಾಗಿ ಓದಿದಾಗ 'ದಾರದ ಉದ್ದ' ಎಂಬ ಮಾತು ನಮಗೆ ಕಾಣಿಸಿತು. ಲೋಲಕದ ಉದ್ದವೆಂದರೆ ದಾರದ ಉದ್ದವಲ್ಲ. ತೂಗುವ ಬಿಂದುವಿನಿಂದ ಗುಂಡಿನ ಮಧ್ಯದವರೆಗಿನ ಉದ್ದ. ಗುಂಡಿನ ವ್ಯಾಸ ಎರಡು ಸೆಂಟಿಮೀಟರಿದ್ದುದರಿಂದ ಅದರ ಅರ್ಧವಾದ ಒಂದು ಸೆಂಟಿಮೀಟರನ್ನು ದಾರಕ್ಕೆ ಕೂಡಿಸಬೇಕಾಗಿದ್ದಿತು. ನೂರರ ಸ್ಥಾನದಲ್ಲಿ ನೂರ ಒಂದನ್ನು ಇಟ್ಟು, ಅವನು ನಿಜವಾಗಿ ಅಳೆದ 40.4 ಸೆಕೆಂಡನ್ನೇ ಉಪಯೋಗಿಸಿದರೆ ಬರುವ ಉತ್ತರ 9.77. ಆತನ ಕೈ ಸರಿಯಾಗಿಯೇ ಅಳೆದಿದ್ದಿತು. ಒಂದು ಮಾತು ಮಾತ್ರ ತಪ್ಪಿದ್ದಿತು. ಆ ಮಾತನ್ನು ಅವನು ಪ್ರಾಮಾಣಿಕವಾಗಿ ಬರೆದಿದ್ದನು. ನಾವು ಸಂಖ್ಯೆಯನ್ನು ನೋಡಿದೆವೇ ಹೊರತು ಮಾತನ್ನು ಓದಲಿಲ್ಲ.

ಇನ್ನೊಂದು ವಿಚಾರವನ್ನೂ ಗಮನಿಸಬೇಕು. 9.81 ಎಂಬ ಸಂಖ್ಯೆ ನಮ್ಮ ಊರಿನದೇ ಅಲ್ಲ. ಭೂಮಿಯ ಗುರುತ್ವವು ಎಲ್ಲೆಡೆಯೂ ಒಂದೇ ಸಮನಾಗಿಲ್ಲ. ಧ್ರುವಗಳ ಕಡೆಗೆ ಹೋದಂತೆ ಹೆಚ್ಚುತ್ತದೆ, ಸಮಭಾಜಕ ವೃತ್ತದ ಕಡೆಗೆ ಬಂದಂತೆಯೂ ಎತ್ತರಕ್ಕೆ ಏರಿದಂತೆಯೂ ಕಡಮೆಯಾಗುತ್ತದೆ. ಲಂಡನ್ ಮತ್ತು ಪ್ಯಾರಿಸ್ ನಗರಗಳಲ್ಲಿ ಅದು 9.81. ಚಾಮರಾಜನಗರವಾದರೋ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 12 ಡಿಗ್ರಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 660 ಮೀಟರು ಎತ್ತರದಲ್ಲಿದೆ. ಇಲ್ಲಿ ಅದು ಸುಮಾರು 9.78. ಗುಂಡ್ಲುಪೇಟೆಯಲ್ಲಿಯೂ ಹೆಚ್ಚು ವ್ಯತ್ಯಾಸವಿಲ್ಲ. 1,454 ಮೀಟರು ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಲ್ಲಿ ಇನ್ನೂ ಎಳ್ಳಷ್ಟು ಕಡಮೆ. ಪೇಟೆಯಲ್ಲಿ ಸರಿಯಾಗಿ ನಡೆಯುವ ಲೋಲಕದ ಗಡಿಯಾರವನ್ನು ಅಲ್ಲಿಗೆ ಒಯ್ದರೆ ದಿನಕ್ಕೆ ಕೆಲವು ಸೆಕೆಂಡುಗಳಷ್ಟು ಹಿಂದೆ ಬೀಳುತ್ತದೆ. ಹಾಗಾದರೆ ಹುಡುಗನ 9.77 ಸರಿ, ಪುಸ್ತಕದ 9.81 ತಪ್ಪು ಎಂದು ನಾವು ಸಾರುತ್ತಿದ್ದೇವೆಯೆ? ಹಾಗೂ ಅಲ್ಲ. ಹತ್ತನೆಯ ಒಂದು ಸೆಕೆಂಡಿನ ಸಂಶಯವು ಉತ್ತರದಲ್ಲಿ 0.05ರಷ್ಟು ಸಂಶಯವನ್ನು ತರುತ್ತದೆ. ಆದುದರಿಂದ ಅವನು ಬರೆಯಬೇಕಾಗಿದ್ದುದು '9.77, ಹೆಚ್ಚು ಕಡಮೆ 0.05' ಎಂದು. ಲಂಡನ್ನಿಗೂ ಚಾಮರಾಜನಗರಕ್ಕೂ ಇರುವ ವ್ಯತ್ಯಾಸವನ್ನು ಈ ಉಪಕರಣದಿಂದ ತೀರ್ಮಾನಿಸಲಾಗದು ಎಂಬ ಒಂದು ವಾಕ್ಯವನ್ನು ಅವನಿಂದ ಬರೆಸಿದ್ದರೆ, ಆ ವಾಕ್ಯವೇ ಆ ವರ್ಷದ ಅತ್ಯುತ್ತಮ ಪಾಠವಾಗುತ್ತಿದ್ದಿತು.

ವಿಜ್ಞಾನದ ಚರಿತ್ರೆಯಲ್ಲಿ ಇದೇ ಲೋಲಕಕ್ಕೆ ಸಂಬಂಧಿಸಿದ ಪ್ರಸಿದ್ಧ ಘಟನೆಯೊಂದಿದೆ. 1672ರಲ್ಲಿ ಜಾನ್ ರಿಷೆ ಎಂಬ ಫ್ರೆಂಚ್ ಖಗೋಳಶಾಸ್ತ್ರಜ್ಞನು ಪ್ಯಾರಿಸ್ಸಿನಲ್ಲಿ ಸರಿಹೊಂದಿಸಿದ ಗಡಿಯಾರವನ್ನು ದಕ್ಷಿಣ ಅಮೆರಿಕದ ಕೇಯೆನ್ ಎಂಬ ಊರಿಗೆ ಒಯ್ದನು. ಸಮಭಾಜಕಕ್ಕೆ ಹತ್ತಿರವಾದ ಆ ಊರಿನಲ್ಲಿ ಗಡಿಯಾರವು ದಿನಕ್ಕೆ ಎರಡು ನಿಮಿಷಗಳಿಗೂ ಮೀರಿ ಹಿಂದೆ ಬೀಳತೊಡಗಿತು. 'ನನ್ನ ಅಳತೆ ಕೆಟ್ಟಿತು' ಎಂದು ಹೆದರಿ ಅವನು ಪ್ಯಾರಿಸ್ಸಿನ ಸಂಖ್ಯೆಯನ್ನೇ ಬರೆದುಬಿಡಬಹುದಾಗಿದ್ದಿತು. ಅವನು ಹಾಗೆ ಮಾಡಲಿಲ್ಲ, ಕಂಡದ್ದನ್ನು ಬರೆದನು. 1687ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ನ್ಯೂಟನ್ನನು, ಭೂಮಿಯು ಪೂರ್ಣ ಗೋಳವಲ್ಲ, ನಡುವಿನಲ್ಲಿ ಉಬ್ಬಿದೆ ಎಂಬ ತನ್ನ ವಾದಕ್ಕೆ ಈ ಅಳತೆಯನ್ನು ಆಧಾರವಾಗಿ ಬಳಸಿಕೊಂಡನು. ರಿಷೆಯ ಪುಸ್ತಕ ನಮ್ಮ ಮೇಜಿಗೆ ಬಂದಿದ್ದರೆ ಅದಕ್ಕೂ ನಾವು ಕೆಂಪು ಗೆರೆ ಎಳೆಯುತ್ತಿದ್ದೆವೋ ಏನೋ!

ನಕಲು ಮಾಡುವ ವಿದ್ಯಾರ್ಥಿ ಸ್ವಭಾವತಃ ಮೋಸಗಾರನೆಂದು ನಾವು ನಂಬುವುದಿಲ್ಲ. ಅವನು ನಕಲು ಮಾಡುವುದು ಬಹುಪಾಲು ಹೆದರಿಕೆಯಿಂದ. ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿದವನು ಕಾಲೇಜಿನ ವಿಜ್ಞಾನದ ತರಗತಿಗಳಲ್ಲಿ ಒಮ್ಮೆಲೇ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ವಿಷಯ ತಿಳಿದಿರುತ್ತದೆ, ವಾಕ್ಯ ಬರುವುದಿಲ್ಲ. ಆಗ ಹಳೆಯ ಪುಸ್ತಕದ ವಾಕ್ಯವು ಅವನಿಗೆ ಊರುಗೋಲಾಗುತ್ತದೆ. ವಾಕ್ಯವನ್ನು ಕದ್ದವನಿಗೆ ಸಂಖ್ಯೆಯನ್ನು ಕದಿಯುವುದು ದೊಡ್ಡ ಮಾತಲ್ಲ. ಪಠ್ಯಕ್ರಮದ ಬದಲಾವಣೆಯಿಂದ ಇದು ಸರಿಹೋಗುವುದೂ ಇಲ್ಲ. ನಮ್ಮ ರಾಜ್ಯದಲ್ಲಿ 2021–22ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿಯ ಏರ್ಪಾಡು ಬದಲಾಯಿತು. 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಹಿಂದಿರುಗಿದ್ದಾಯಿತು. ಇಷ್ಟೆಲ್ಲ ನಡೆದರೂ ಹಳೆಯ ರೆಕಾರ್ಡು ಪುಸ್ತಕವು ಮಾತ್ರ ಕೈಯಿಂದ ಕೈಗೆ ದಾಟುತ್ತಲೇ ಇದೆ.

ನಮ್ಮ ಸೀಮೆಯ ಜನಕ್ಕೆ ಮಾತು ಬಾರದೆ? ಮಲೆಯ ಮಾದೇಶ್ವರನ ಕಥೆಯನ್ನು ಕಂಸಾಳೆಯವರೂ ಮಂಟೇಸ್ವಾಮಿಯ ಕಥೆಯನ್ನು ನೀಲಗಾರರೂ ರಾತ್ರಿಯಿಡೀ ಹಾಡಬಲ್ಲ ನಾಡು ಇದು. ಮಾತಿನ ಸಂಪತ್ತಿಗೂ ಜ್ಞಾಪಕಶಕ್ತಿಗೂ ಇಲ್ಲಿ ಕೊರತೆಯಿಲ್ಲ. ವೀಕ್ಷಣೆಗೂ ಕೊರತೆಯಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೆಜ್ಜೇನಿನ ವಿಚಾರವಾಗಿ ಹೇಳುವ ಮಾತುಗಳಲ್ಲಿರುವ ಖಚಿತತೆ ಅನೇಕ ರೆಕಾರ್ಡು ಪುಸ್ತಕಗಳಲ್ಲಿಲ್ಲ. ಮಳೆ ಎಷ್ಟು ಬಂದಿತೆಂದು ಕೇಳಿದರೆ ನಮ್ಮ ರೈತನು 'ಬಹಳ' ಎಂದು ಹೇಳಿ ಸುಮ್ಮನಾಗುವುದಿಲ್ಲ. ಮಣ್ಣು ಎಷ್ಟು ಆಳಕ್ಕೆ ನೆನೆದಿದೆ, ನೇಗಿಲು ಇಳಿಯುವಷ್ಟು ಹದವಾಗಿದೆಯೆ ಇಲ್ಲವೆ ಎಂದು ಹೇಳುತ್ತಾನೆ. ಆ ಮನೆಯ ಮಗನೇ ಪ್ರಯೋಗಶಾಲೆಗೆ ಬಂದು 'ಲೋಲಕವನ್ನು ಆಂದೋಲಿಸಲಾಯಿತು, ಫಲಿತಾಂಶವು ಸಮರ್ಪಕವಾಗಿ ದೊರೆಯಿತು' ಎಂಬ ನಿರ್ಜೀವ ವಾಕ್ಯವನ್ನು ಬರೆಯುತ್ತಾನೆ. ಯಾರು ಆಂದೋಲಿಸಿದರು? ಎಷ್ಟು ಕೋನಕ್ಕೆ ಎಳೆದು ಬಿಟ್ಟರು? ಕಿಟಕಿಯಿಂದ ಗಾಳಿ ಬೀಸುತ್ತಿದ್ದಿತೆ? ಈ ಯಾವುದೂ ಅಲ್ಲಿಲ್ಲ. ಬಾಯಿಮಾತಿನಲ್ಲಿ ಅವನಿಗಿರುವ ಖಚಿತತೆಯನ್ನು ಬರವಣಿಗೆಗೆ ತರುವುದಷ್ಟೇ ನಮ್ಮ ಕೆಲಸ. ಇಲ್ಲದುದನ್ನು ಹೊಸದಾಗಿ ಸೃಷ್ಟಿಸುವುದಲ್ಲ.

'ಬರವಣಿಗೆ ಕಲಿಸುವುದು ಭಾಷಾಧ್ಯಾಪಕರ ಕೆಲಸ, ಭೌತಶಾಸ್ತ್ರದವರಿಗೆ ಅದೇತಕ್ಕೆ?' ಎಂದು ನಮ್ಮ ಮಿತ್ರರು ಕೇಳುವುದುಂಟು. ಈ ಪ್ರಶ್ನೆಗೆ ಕನ್ನಡ ನಾಡು ಶತಮಾನದ ಹಿಂದೆಯೇ ಉತ್ತರ ಕೊಟ್ಟಿದೆ. 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ ಹೊರಡಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದವರು. ಪಂಪಭಾರತವನ್ನು ಸಂಪಾದಿಸಿಕೊಟ್ಟವರೂ ಅವರೇ. ಮುಂದೆ ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ ಪದವಿ ತರಗತಿಗಳಲ್ಲಿ ಕನ್ನಡ ಮಾಧ್ಯಮಕ್ಕೆ ಎಡೆ ಮಾಡಿಕೊಟ್ಟರು. ಸಸ್ಯಶಾಸ್ತ್ರಜ್ಞರಾದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಭಾಷಾಧ್ಯಾಪಕರು ವಾಕ್ಯದ ವ್ಯಾಕರಣವನ್ನು ತಿದ್ದಬಲ್ಲರು; ಆದರೆ 'ದಾರದ ಉದ್ದ' ಎಂಬ ಮಾತಿನಲ್ಲಿರುವ ತಪ್ಪನ್ನು ಕಾಣಬೇಕಾದವರು ನಾವು. ವ್ಯಾಕರಣಕ್ಕೆ ಅದು ನಿರ್ದುಷ್ಟವಾದ ಮಾತು.

ಬರೆಯುವುದರಿಂದಲೇ ವಿಜ್ಞಾನಿಯಾದವನ ಉದಾಹರಣೆ ಬೇಕೆನ್ನುವವರು ಮೈಕೇಲ್ ಫ್ಯಾರಡೆಯ ಕಡೆಗೆ ನೋಡಬೇಕು. ಆತನು ಕಮ್ಮಾರನ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಅವನ್ನು ತನ್ನದೇ ಮಾತಿನಲ್ಲಿ ಚಿತ್ರಸಹಿತ ಬರೆದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವನಿಗೆ ಕೆಲಸ ದೊರೆಯಿತು. ಮುಂದೆ ತನ್ನ ಪ್ರಯೋಗಗಳ ದಿನಚರಿಯಲ್ಲಿ ಕಂಡಿಕೆಗಳಿಗೆ ಅನುಕ್ರಮವಾಗಿ ಸಂಖ್ಯೆ ಕೊಡುತ್ತ ಹೋದನು. ಆ ಸಂಖ್ಯೆ 16,000ವನ್ನು ಮೀರಿತು. ಸಫಲವಾದ ಪ್ರಯೋಗಗಳಂತೆಯೇ ವಿಫಲವಾದವೂ ಅಲ್ಲಿವೆ. ನಮ್ಮಲ್ಲಿಯೇ, 1928ರ ಫೆಬ್ರವರಿಯಲ್ಲಿ ರಾಮನ್ ಪರಿಣಾಮವು ಬೆಳಕಿಗೆ ಬಂದ ದಿನಗಳ ವಿವರ ಇಂದಿಗೂ ತಿಳಿಯುತ್ತಿರುವುದು ಕೆ.ಎಸ್. ಕೃಷ್ಣನ್ ಅವರು ಆಗ ಬರೆದಿಟ್ಟ ದಿನಚರಿಯಿಂದ.

ದೊಡ್ಡವರೂ ಎಡವಿದುದುಂಟು. ಎಣ್ಣೆಯ ಹನಿಗಳಿಂದ ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದ ಮಿಲಿಕನ್ನನು 1913ರ ತನ್ನ ಲೇಖನದಲ್ಲಿ 58 ಹನಿಗಳ ಅಳತೆಯನ್ನು ಕೊಟ್ಟು, ಇವು ಆಯ್ದು ತೆಗೆದವಲ್ಲ, ಪ್ರಯೋಗಿಸಿದ ಎಲ್ಲ ಹನಿಗಳೂ ಇವೇ ಎಂಬರ್ಥದ ಮಾತನ್ನು ಸೇರಿಸಿದನು. ಅವನ ಟಿಪ್ಪಣಿ ಪುಸ್ತಕಗಳನ್ನು ಅನಂತರ ಪರಿಶೀಲಿಸಿದಾಗ, ಬಿಟ್ಟುಬಿಟ್ಟ ಹನಿಗಳು ಬೇರೆಯೂ ಇದ್ದುವೆಂದು ತಿಳಿಯಿತು. ಅವನ ಫಲಿತಾಂಶಕ್ಕೆ ಅದರಿಂದ ಹೆಚ್ಚಿನ ಬಾಧಕವೇನೂ ಬರಲಿಲ್ಲ. ಬಾಧಕ ಬಂದುದು ಆ ಒಂದು ವಾಕ್ಯಕ್ಕೆ. ಆದರೆ ಅವನು ಟಿಪ್ಪಣಿ ಪುಸ್ತಕವನ್ನು ಹರಿದು ಹಾಕಿರಲಿಲ್ಲ ಎಂಬುದನ್ನೂ ನೆನೆಯಬೇಕು. ಹೊಡೆದುಹಾಕಿದುದೂ ಉಳಿದಿದ್ದುದರಿಂದಲೇ ಸತ್ಯ ಹೊರಬಿದ್ದಿತು.

ಇಷ್ಟು ಪೀಠಿಕೆಯಾದ ಮೇಲೆ, ಈಗ ನಾವು ಮೊದಲ ದಿನವೇ ಓದಿ ಹಂಚುವ ಹಾಳೆಯಲ್ಲಿ ಏನಿದೆಯೆಂಬುದನ್ನು ತಿಳಿಸುತ್ತೇವೆ.

ಮೊದಲನೆಯದು: ಅಳತೆಗಳನ್ನು ಮೇಜಿನ ಬಳಿಯಲ್ಲಿಯೇ, ಶಾಯಿಯಲ್ಲಿ, ಗಡಿಯಾರ ಅಥವಾ ಅಳತೆಗೋಲು ತೋರಿಸಿದಷ್ಟೇ ಅಂಕಿಗಳಲ್ಲಿ ಬರೆಯತಕ್ಕದ್ದು. ತಪ್ಪಿದ್ದರೆ ಒಂದೇ ಗೆರೆಯಿಂದ ಹೊಡೆಯತಕ್ಕದ್ದು; ಅಳಿಸತಕ್ಕದ್ದಲ್ಲ. ಪ್ರತಿ ಸಂಖ್ಯೆಯ ಪಕ್ಕದಲ್ಲಿಯೂ ಅದರ ಮಾನವನ್ನು ಬರೆಯತಕ್ಕದ್ದು. ಇದು ಅತಿ ಶಿಸ್ತೆಂದು ತೋರುವವರಿಗೆ 1999ರ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹದ ಬಳಿಯಲ್ಲಿ ನಾಶವಾದ ಅಮೆರಿಕದ ಗಗನನೌಕೆಯೊಂದನ್ನು ನೆನಪಿಸುತ್ತೇವೆ. ಒಂದು ತಂಡ ಪೌಂಡುಗಳ ಮಾನದಲ್ಲಿ ಕೊಟ್ಟ ಸಂಖ್ಯೆಯನ್ನು ಮತ್ತೊಂದು ತಂಡ ನ್ಯೂಟನ್ ಮಾನದ್ದೆಂದು ತಿಳಿದುದೇ ಆ ನಾಶಕ್ಕೆ ಮೂಲ.

ಎರಡನೆಯದು: ಮೊದಲ ಕರಡು ಕನ್ನಡದಲ್ಲಿರಬಹುದು, ಇಂಗ್ಲಿಷಿನಲ್ಲಿರಬಹುದು, ಎರಡೂ ಬೆರೆತಿರಬಹುದು, ಆದರೆ ಬರೆದವನದೇ ಆಗಿರಬೇಕು. ಕರಡಿಗೆ ಅಂಕವಿಲ್ಲ. ನಾವು ಅದನ್ನು ಓದಿ ಪ್ರಶ್ನೆಗಳನ್ನು ಬರೆದು ಹಿಂದಿರುಗಿಸುತ್ತೇವೆ; ಎರಡನೆಯ ಬಾರಿ ಬರೆದುದಕ್ಕೆ ಅಂಕ. ಪಠ್ಯಪುಸ್ತಕದ ವಿಧಾನವನ್ನು ಯಥಾವತ್ತಾಗಿ ಬರೆದರೆ ಅದು ಲೆಕ್ಕಕ್ಕಿಲ್ಲ. ತಾನು ಏನು ಮಾಡಿದೆನೆಂಬುದನ್ನು ಬರೆಯಬೇಕು.

ಮೂರನೆಯದು: ಅಂಕವು ಉತ್ತರದ ಸಂಖ್ಯೆಗೆ ಅಲ್ಲ. ಅಳತೆಯ ಪ್ರಾಮಾಣಿಕತೆಗೆ, ವಿವರಣೆಯ ಸ್ಪಷ್ಟತೆಗೆ, ಸಂಶಯದ ಲೆಕ್ಕಕ್ಕೆ, ಉತ್ತರವು ನಿರೀಕ್ಷಿಸಿದಂತೆ ಬಾರದಿದ್ದರೆ ಅದಕ್ಕೆ ಕಾರಣವನ್ನು ಹುಡುಕಿದ ಪ್ರಯತ್ನಕ್ಕೆ. ಉಳಿದ ನಿಯಮಗಳೆಲ್ಲ ಈ ಒಂದರ ಮೇಲೆ ನಿಂತಿವೆ. ಉತ್ತರಕ್ಕೆ ಅಂಕ ಕೊಡುತ್ತಿರುವವರೆಗೂ ನಕಲನ್ನು ತಡೆಯಲು ಯಾವ ಕಾವಲೂ ಸಾಲದು.

ನಾಲ್ಕನೆಯದು ತಡವನ್ನು ಕುರಿತದ್ದು. ಊರಿಗಿರುವ ಒಂದೇ ಬೆಳಗಿನ ಬಸ್ಸು ತಪ್ಪಿದರೆ, ಅರಿಸಿನದ ಕೆಲಸಕ್ಕೆ ಮನೆಯಲ್ಲಿ ಆಳಿಲ್ಲದಿದ್ದರೆ ಹುಡುಗ ಹುಡುಗಿಯರು ಏನು ಮಾಡಬೇಕು? ಆದುದರಿಂದ ಸತ್ರಕ್ಕೆ ಎರಡು ಬಾರಿ, ಕಾರಣ ಕೇಳದೆ, ಒಂದು ವಾರದ ಅವಕಾಶ ಕೊಡುತ್ತೇವೆ. ಸುಳ್ಳು ಕಾರಣವನ್ನು ಬರೆಯಿಸುವುದಕ್ಕಿಂತ ಕಾರಣವನ್ನೇ ಕೇಳದಿರುವುದು ಮೇಲು. ಮೂರನೆಯ ಬಾರಿ ಬಂದು ಮಾತನಾಡಬೇಕು.

ಐದನೆಯದು: ಗೆಳೆಯರೊಡನೆ ಚರ್ಚಿಸಬಹುದು, ಅಳತೆಯನ್ನು ಜೊತೆಯಾಗಿ ಮಾಡಬಹುದು, ಹಾಗೆ ಮಾಡಿದೆವೆಂದು ಬರೆಯಬೇಕು. ಬೇರೆಯವರ ಮಾತನ್ನು ತೆಗೆದುಕೊಂಡರೆ ಅವರ ಹೆಸರು ಹೇಳಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಗಳಂತೆ ಸಂಶೋಧನ ಪ್ರಬಂಧದಲ್ಲಿ ಶೇಕಡ 60ಕ್ಕೂ ಮೀರಿ ಬೇರೆಯವರ ಬರಹ ಕಂಡುಬಂದರೆ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಮೊದಲ ವರ್ಷದಲ್ಲಿ ನಕಲಿಗೆ ಸಹಿ ಮಾಡುತ್ತ ಬಂದು, ಸಂಶೋಧನೆಯ ಹಂತದಲ್ಲಿ ಒಮ್ಮೆಲೇ ಶಿಕ್ಷೆ ವಿಧಿಸುವುದು ನ್ಯಾಯವಲ್ಲ. ನಮ್ಮ ತರಗತಿಯಲ್ಲಿ ಮೊದಲ ಬಾರಿಯ ನಕಲಿಗೆ ಶಿಕ್ಷೆಯೆಂದರೆ ಮತ್ತೆ ಬರೆಯುವುದು. ಎರಡನೆಯ ಬಾರಿ ಆ ಪ್ರಯೋಗಕ್ಕೆ ಅಂಕವಿಲ್ಲ.

ಆರನೆಯದು ಹೊಸ ಕಾಲದ ನಿಯಮ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಸಾಧನವು ಬಳಕೆಗೆ ಬಂದಂದಿನಿಂದ, ಕೇಳಿದ ವಿಷಯವನ್ನು ಕುರಿತು ತಾನೇ ಬರೆದುಕೊಡುವ ಯಂತ್ರವು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿರುವ ಫೋನಿನಲ್ಲಿಯೂ ಕುಳಿತಿದೆ. ಇದನ್ನು ನಿಷೇಧಿಸುತ್ತೇವೆಂದು ಘೋಷಿಸುವುದು ಸುಲಭ, ನಡೆಸುವುದು ಕಷ್ಟ. ಅರ್ಥವಾಗದ ಮಾತನ್ನು ಅದರಿಂದ ಕೇಳಿ ತಿಳಿಯಬಹುದು, ತನ್ನ ಇಂಗ್ಲಿಷು ವಾಕ್ಯವನ್ನು ಅದರಿಂದ ತಿದ್ದಿಸಿಕೊಳ್ಳಬಹುದು. ಏನು ಕೇಳಿದೆನೆಂಬುದನ್ನು ಮಾತ್ರ ಪುಸ್ತಕದಲ್ಲಿ ಬರೆಯಬೇಕು. ಆದರೆ ಅಳತೆಯನ್ನು ಅದರಿಂದ ಪಡೆಯಕೂಡದು. ಅದು ಲೋಲಕವನ್ನು ಕುರಿತು ಸೊಗಸಾದ ಪುಟವನ್ನೇ ಬರೆಯಬಹುದು. ಆದರೆ ಮಂಗಳವಾರ ಮಧ್ಯಾಹ್ನ ನಮ್ಮ ಕೊಠಡಿಯಲ್ಲಿ ತೂಗಿದ ಆ ಗುಂಡನ್ನು ಅದು ಕಂಡಿಲ್ಲ. ಕಂಡವರು ನೀವು. ಹಳೆಯ ರೆಕಾರ್ಡು ಪುಸ್ತಕಕ್ಕೂ ಈ ಹೊಸ ಯಂತ್ರಕ್ಕೂ ಈ ವಿಷಯದಲ್ಲಿ ಭೇದವಿಲ್ಲ. ಎರಡೂ ಆ ದಿನ ಅಲ್ಲಿ ಇರಲಿಲ್ಲ.

ನಿಯಮಗಳು ವಿದ್ಯಾರ್ಥಿಗಳಿಗೆ ಮಾತ್ರವೆಂದಾದರೆ ಅದು ಅನ್ಯಾಯ. ಆದುದರಿಂದ ಅದೇ ಹಾಳೆಯ ಕೆಳಗಡೆ ನಮ್ಮ ಕರ್ತವ್ಯಗಳನ್ನೂ ಬರೆದಿದ್ದೇವೆ. ಓದದೆ ಸಹಿ ಮಾಡುವುದಿಲ್ಲ. ಒಂದು ವಾರದೊಳಗೆ ಹಿಂದಿರುಗಿಸುತ್ತೇವೆ. 'ತಪ್ಪು' ಎಂದಷ್ಟೇ ಬರೆಯದೆ, ಎಲ್ಲಿ ಸಂಶಯ ಬಂದಿತೆಂಬುದನ್ನು ಪ್ರಶ್ನೆಯ ರೂಪದಲ್ಲಿ ಬರೆಯುತ್ತೇವೆ.

ಇದಕ್ಕೆ ಹೊತ್ತೆಲ್ಲಿ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಅರುವತ್ತು ಪುಸ್ತಕಗಳು, ಒಂದೊಂದಕ್ಕೆ ಹತ್ತು ನಿಮಿಷ. ಒಟ್ಟು ಹತ್ತು ಗಂಟೆ. ಪ್ರತಿ ವಾರವೂ ಇದು ಸಾಧ್ಯವಿಲ್ಲವೆಂಬುದನ್ನು ಅನುಭವದಿಂದ ಬಲ್ಲೆವು. ಅದಕ್ಕೆ ನಾವು ಕಂಡುಕೊಂಡ ಉಪಾಯವೆಂದರೆ, ವಾರಕ್ಕೆ ಹದಿನೈದು ಪುಸ್ತಕಗಳನ್ನು ಮಾತ್ರ ಅಕ್ಷರಶಃ ಓದುವುದು. ಉಳಿದವನ್ನು ವಿದ್ಯಾರ್ಥಿಗಳೇ ಪರಸ್ಪರ ಬದಲಾಯಿಸಿಕೊಂಡು ಓದುವುದು. ನಾಲ್ಕು ವಾರಗಳಲ್ಲಿ ಎಲ್ಲರ ಪುಸ್ತಕವೂ ಒಂದು ಸಾರಿ ನಮ್ಮ ಕಣ್ಣಿನಡಿ ಹಾಯುತ್ತದೆ. ಗೆಳೆಯನ ಪುಸ್ತಕವನ್ನು ಓದಿದವನು ಒಂದು ಪ್ರಶ್ನೆಯನ್ನಾದರೂ ಬರೆಯಲೇಬೇಕು: 'ಇದನ್ನು ಓದಿ ನಾನು ಈ ಪ್ರಯೋಗವನ್ನು ಮತ್ತೆ ಮಾಡಬಲ್ಲೆನೆ?' ಅದಕ್ಕೆ ಮೊದಲು ಅಭ್ಯಾಸಕ್ಕಾಗಿ ಒಂದು ಪುಟವನ್ನು ಬರೆಸುತ್ತೇವೆ: ಬಸ್ಸಿನ ನಿಲ್ದಾಣದಿಂದ ತನ್ನ ಮನೆಯ ಬಾಗಿಲಿಗೆ ಅಪರಿಚಿತನೊಬ್ಬನು ಯಾರನ್ನೂ ಕೇಳದೆ ಬರುವಂತೆ ದಾರಿಯನ್ನು ವಿವರಿಸಬೇಕು. 'ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗು' ಎಂದು ಬರೆದವನಿಗೆ, ಅದನ್ನು ಓದಿದ ಗೆಳೆಯನು 'ಸ್ವಲ್ಪವೆಂದರೆ ಎಷ್ಟು?' ಎಂದು ಕೇಳುತ್ತಾನೆ. ಅಳತೆಯ ಪಾಠವು ಅಲ್ಲಿಂದ ತಾನಾಗಿಯೇ ಆರಂಭವಾಗುತ್ತದೆ.

ಈ ನಿಯಮಗಳಿಂದ ನಕಲು ಪೂರ್ತಿಯಾಗಿ ನಿಂತಿತೆಂದು ನಾವು ಹೇಳಲಾರೆವು. ಪುಸ್ತಕಗಳು ಮೊದಲಿಗಿಂತ ಕೊಳಕಾಗಿವೆ. ಗೆರೆ ಹೊಡೆದ ಸಂಖ್ಯೆಗಳೂ ಅಂಚಿನಲ್ಲಿ ಬರೆದ ಸಂದೇಹಗಳೂ ಹೆಚ್ಚಿವೆ. ಪರೀಕ್ಷಕರಾಗಿ ಹೊರಗಿನಿಂದ ಬಂದವರು ಕೆಲವರು ಇದನ್ನು ಮೆಚ್ಚುವುದಿಲ್ಲ. ಅಚ್ಚುಕಟ್ಟಾದ ಪುಸ್ತಕಕ್ಕೆ ಅಂಕ ಕೊಡುವುದು ಅವರಿಗೆ ರೂಢಿ. ಇದರಿಂದ ನಮ್ಮ ವಿದ್ಯಾರ್ಥಿಗಳಿಗೆ ಒಂದೆರಡು ಅಂಕಗಳ ನಷ್ಟವಾಗಿರಲೂಬಹುದು. ಆ ನಷ್ಟವನ್ನು ಅವರೊಬ್ಬರೇ ಹೊರದಂತೆ, ರೆಕಾರ್ಡಿಗೆ ಅಂಕ ಕೊಡುವ ರೀತಿಯನ್ನೇ ಬದಲಾಯಿಸಬೇಕೆಂದು ಪಠ್ಯಕ್ರಮ ಸಮಿತಿಗಳನ್ನು ನಾವು ಕೇಳುತ್ತೇವೆ. ಉತ್ತರಕ್ಕೆ ಮೀಸಲಾದ ಅಂಕಗಳನ್ನು ತೆಗೆದು ವಿವರಣೆಗೆ ಕೊಡುವುದಕ್ಕೆ ಹೊಸ ಕಟ್ಟಡ ಬೇಡ, ಹೊಸ ಉಪಕರಣವೂ ಬೇಡ.

ವಿದ್ಯಾರ್ಥಿಮಿತ್ರರಿಗೆ ಒಂದು ಮಾತು. ನಿಮ್ಮ ಉತ್ತರವು ಪುಸ್ತಕದ ಉತ್ತರಕ್ಕೆ ಹೊಂದದೆ ಇದ್ದಾಗ, ಪುಸ್ತಕದ್ದನ್ನು ನೋಡಿ ನಿಮ್ಮದನ್ನು ತಿದ್ದುವ ಮೊದಲು ನೀವು ಬರೆದ ಮಾತುಗಳನ್ನು ಇನ್ನೊಮ್ಮೆ ಓದಿರಿ. ತಪ್ಪು ಅಲ್ಲಿಯೇ ಎಲ್ಲೋ ಕುಳಿತಿರುತ್ತದೆ. ಅಥವಾ, ರಿಷೆಗೆ ಆದಂತೆ, ತಪ್ಪೇ ಇಲ್ಲದಿರಬಹುದು. ನಮ್ಮ ಆ ಹಳೆಯ ವಿದ್ಯಾರ್ಥಿ ಈಗ ಎಲ್ಲಿರುವನೋ ನಮಗೆ ತಿಳಿಯದು. ಅ ವನ ಮೊದಲನೆಯ ಪುಟಕ್ಕೆ ಕೊಡಬೇಕಾಗಿದ್ದ ಅಂಕಗಳನ್ನು ನಾವು ಎರಡನೆಯ ಪುಟಕ್ಕೆ ಕೊಟ್ಟೆವು. ಈ ಲೇಖನವು ಅವನ ಕಣ್ಣಿಗೆ ಬಿದ್ದರೆ, ಅವನ ಅಳತೆ ಸರಿಯಾಗಿದ್ದಿತೆಂಬುದು ಅವನಿಗೆ ತಿಳಿಯಲಿ.